ಪದ ಬೇಕು (ಅರ್ಜೆಂಟ್): "ಇನ್ಸಿಡೆಂಟ್ ಟು" ಬಿಲ್ಲಿಂಗಿಗೆ ಕನ್ನಡದಲ್ಲಿ ಏನನ್ನೋದು?

ಎಲ್ರಿಗೂ ನಮಸ್ಕಾರ. ನ್ಯೂಜೆರ್ಸಿಯ ಒಂದು ಕ್ಲಿನಿಕ್‌ಗೆ ಪೇಷಂಟುಗಳಿಗೆ ಕೊಡೋ ಮಾಹಿತಿ ಚೀಟಿ ಕನ್ನಡದಲ್ಲಿ ಮಾಡ್ತಿದೀನಿ, ಮಕ್ಕಳ ಜೊತೆ ಬಂದು ಇಲ್ಲೇ ನೆಲೆ ನಿಂತಿರೋ ನಮ್ಮ ಕಡೆ ಹಿರಿಯರಿಗೆ. ನಾಳೆ ಬೆಳಿಗ್ಗೆ ಪ್ರಿಂಟು. ವಿಷ್ಯ ಏನಂದ್ರೆ ನರ್ಸ್ ಪ್ರಾಕ್ಟೀಷನರ್ರೋ ಫಿಸಿಶಿಯನ್ ಅಸಿಸ್ಟೆಂಟೋ (ಡಾಕ್ಟರಲ್ಲದಿದ್ರೂ ಪೇಷಂಟ್ ನೋಡಿ ಔಷಧಿ ಬರೆಯೋರು) ನೋಡಿ ತಮ್ಮ ಬಿಲ್ಲಿಂಗ್ ನಂಬರಲ್ಲೇ ಬಿಲ್ ಹಾಕಿದ್ರೆ ಮೆಡಿಕೇರ್ (ಇಲ್ಲಿ ಹಿರಿಯರಿಗಿರೋ ಸರ್ಕಾರಿ ವಿಮೆ) ಡಾಕ್ಟರ ದರದ ನೂರಕ್ಕೆ 85 ಲೆಕ್ಕ ಹಿಡಿಯುತ್ತೆ, ಅದೇ ವಿಸಿಟ್ಟು ಡಾಕ್ಟರ ಹೆಸರಲ್ಲಿ "ಇನ್ಸಿಡೆಂಟ್ ಟು" ಅಂತ ಹೋದ್ರೆ ಪೂರ್ತಿ 100. ನಾನು "ಆನುಷಂಗಿಕ ಸೇವೆ" ಅಂತ ಬರ್ದೆ. ಅಮ್ಮನಿಗೆ ಓದಿ ಹೇಳಿದ್ರೆ "ಯಾವ ಸಂಗ?" ಅಂದ್ರು.

> ಆನುಷಂಗಿಕ ಸೇವೆ

ಅಮ್ಮ ಸರಿಯಾಗೇ ಕೇಳಿದಾರೆ. ಕಿತ್ತಾಕಿ. "ಒಡಗೂಡಿದ ಆರೈಕೆ" ಅನ್ನಿ. ನರ್ಸ್ ಯಾಕೆ, ದಾದಿ ಅಂತ ಅಚ್ಚಗನ್ನಡ ಪದ ಇದೆಯಲ್ಲ.

> ದಾದಿ ಅಂತ ಅಚ್ಚಗನ್ನಡ

ಧಾತ್ರಿಯ ತದ್ಭವ ಸ್ವಾಮಿ. ಮೊಲೆಯೂಡಿಸುವವಳು ಅಂತ ಅರ್ಥ. ಮಾಸ್ಟರ್ಸ್ ಓದಿ ಔಷಧಿ ಬರೆಯೋರನ್ನ ಹಾಗನ್ನೋದು ಬೇಡ. ಕಚೇರಿ ಕನ್ನಡದಲ್ಲಿ "ಸಾದಿಲ್ವಾರು" ಇದೆ, ಬಳಸಿ.

ಸಾದಿಲ್ವಾರು ಅಂದ್ರೆ ಗುಂಡುಸೂಜಿ, ಗೋಂದು, ಕಾಫಿ ಖರ್ಚು ಸಾರ್, ಪೇಷಂಟ್ ನೋಡೋದಲ್ಲ! ನಾನು ಇಲ್ಲೇ ಮೆಡಿಕಲ್ ಬಿಲ್ಲುಗಳ ಕೋಡಿಂಗ್ ಮಾಡ್ತೀನಿ, ದಿನಾ ಇದೇ ಗೋಳು. "ಇನ್ಸಿಡೆಂಟ್ ಟು" ಆಗ್ಬೇಕಂದ್ರೆ ಆ ಕಾಯಿಲೆಗೆ ಮೊದಲು ಡಾಕ್ಟರೇ ನೋಡಿ ಟ್ರೀಟ್‌ಮೆಂಟ್ ಶುರು ಮಾಡಿರ್ಬೇಕು, ಆಮೇಲೂ ಅವರ ಉಸ್ತುವಾರಿ ಇರ್ಬೇಕು, ಅದು ಚಾರ್ಟಲ್ಲಿ ಕಾಣ್ಬೇಕು. ಬಿಪಿಗೆ ಅಂತ ಬಂದೋರು "ಹಾಗೇ ಮಂಡಿನೂ ನೋಯ್ತಿದೆ" ಅಂದ್ರೋ, ಅದು ಹೊಸ ತೊಂದ್ರೆ, ಮುಗೀತು, 85ಕ್ಕೆ ಇಳೀತು. ಸಂಜೆ ಡಾಕ್ಟರು ಬಂದು ಬರೀ ಮೇಲುಸಹಿ ಹಾಕಿದ್ರೆ ಆಗಲ್ಲ. ಆಸ್ಪತ್ರೆ ಒಳಗಂತೂ ಇದು ಇಲ್ವೇ ಇಲ್ಲ, ಅಲ್ಲಿ ಇಬ್ರೂ ಹಂಚ್ಕೊಂಡು ನೋಡೋ ವಿಸಿಟ್ಟಿಗೆ ಎಫ್ಎಸ್ ಅಂತ ಬೇರೆ ಮಾಡಿಫೈಯರ್ (ಬಿಲ್ಲಿನ ಕೋಡಿಗೆ ಸೇರಿಸೋ ಗುರುತು). ಇನ್ನೊಂದು, ಫಿಸಿಶಿಯನ್ ಅಸಿಸ್ಟೆಂಟ್‌ಗಳನ್ನ ದಯವಿಟ್ಟು "ಸಹಾಯಕ" ಅನ್ಬೇಡಿ. ಅವರ ಸಂಘವೇ 2021ರಲ್ಲಿ ಅಸಿಸ್ಟೆಂಟ್ ಬಿಟ್ಟು ಅಸೋಸಿಯೇಟ್ ಮಾಡ್ಕೊಂಡಿದೆ.

> ಮೇಲುಸಹಿ

ಸಹಿ ಅರಬ್ಬಿ. ಶಾಸನಗಳಲ್ಲಿ "ಒಪ್ಪ" ಇದೆ. ಉಸ್ತುವಾರಿನೂ ನಮ್ಮದಲ್ಲ. ಹೀಗೇ ಒಂದೊಂದಾಗಿ ಬಿಟ್ಕೊಟ್ಟು ಈಗ "ವಿಸಿಟ್ಟು" "ಚಾರ್ಟು" ತನಕ ಬಂದಿದೀವಿ.

ಒಪ್ಪ ಅಂತ ಪ್ರಿಂಟ್ ಮಾಡಿದ್ರೆ ಪಾತ್ರೆಗೆ ಒಪ್ಪ ಹಾಕೋದು ಅಂದ್ಕೋತಾರೆ. ನೂರಾರು ವರ್ಷದಿಂದ ನಾಲಿಗೆ ಮೇಲಿರೋ ಸಹಿ ಯಾರಪ್ಪನ ಮನೆದಾದ್ರೇನು? ನಿಮ್ಮ ಶುದ್ಧಿ ನಿಮ್ಮ ಮನೇಲಿ ಇಟ್ಕೊಳ್ಳಿ.

ಜಗಳ ಬೇರೆ ಥ್ರೆಡ್ಡಲ್ಲಿ ಮುಂದುವರ್ಸಿ, ನಂಗೆ ಟೈಮಿಲ್ಲ. ಪದದ ಆಸೆ ಬಿಟ್ಟು ವಾಕ್ಯಾನೇ ಬರ್ದೆ: "ನಿಮ್ಮನ್ನು ನೋಡುವವರು ನರ್ಸ್ ಪ್ರಾಕ್ಟೀಷನರ್, ಬಿಲ್ಲು ಡಾಕ್ಟರ ಲೆಕ್ಕಕ್ಕೆ." ಕೋಡಿಂಗ್ ಮೇಡಂ, ಇದ್ರಲ್ಲಿ ತಪ್ಪಿದ್ರೆ ರಾತ್ರಿನೇ ಹೇಳಿ. ಅಮ್ಮನಿಗೆ ಮತ್ತೆ ಓದಿದೆ, ಈ ಸಲ ಸಂಗ ಗಿಂಗ ಏನೂ ಕೇಳ್ಲಿಲ್ಲ, "ಹಂಗಾದ್ರೆ ನಾವು ಕೈಯಿಂದ ಕೊಡೋ 20 ಪರ್ಸೆಂಟೂ ಜಾಸ್ತಿ ಆಗುತ್ತಲ್ಲೋ?" ಅಂದ್ರು. ಹೌದು, ಆಗುತ್ತೆ. ಅದನ್ನೂ ಒಂದು ಸಾಲು ಸೇರಿಸ್ತಿದೀನಿ.