ರಿಪೇರಿಗೆ ಬಿಡುವ ಲ್ಯಾಪ್‌ಟಾಪಿಗೆ ಲಾಗಿನ್ ಪಾಸ್‌ವರ್ಡ್ ಸಾಕೇ? ಅನುಭವ ಇದ್ದವರು ತಿಳಿಸಿ

ಬೆಣ್ಣೆದೋಸೆ: ದಾವಣಗೆರೆಯಲ್ಲಿ ತೆರಿಗೆ ಸಲಹೆಗಾರ್ತಿ. ಲ್ಯಾಪ್‌ಟಾಪಿನ ಹಿಂಜ್ (ಪರದೆಯ ಕೀಲು) ಮುರಿದಿದೆ. ಅಂಗಡಿಯವರು ಎರಡು ದಿನ ಬಿಟ್ಟುಹೋಗಿ ಎನ್ನುತ್ತಿದ್ದಾರೆ, ಪಾಸ್‌ವರ್ಡನ್ನೂ ಕೇಳುತ್ತಿದ್ದಾರೆ. ಗ್ರಾಹಕರ ಪ್ಯಾನ್, ಬ್ಯಾಂಕ್ ವಿವರ ಎಲ್ಲವೂ ಅದರಲ್ಲಿವೆ. ವಿಂಡೋಸ್ 11 ಹೋಮ್. ಪಾಸ್‌ವರ್ಡ್ ಕೊಡದಿದ್ದರೆ ಸಾಕೇ?

ಲ್ಯಾಬ್ ಮೇಷ್ಟ್ರು: ಸಾಲದು. ಪಾಸ್‌ವರ್ಡ್ ಕಾಯುವುದು ವಿಂಡೋಸ್ ಓಡುತ್ತಿರುವಾಗ ಮಾತ್ರ. ಡಿಸ್ಕ್ ಗೂಢಲಿಪಿಯಲ್ಲಿ (ಎನ್‌ಕ್ರಿಪ್ಟ್ ಆಗಿ) ಇಲ್ಲದಿದ್ದರೆ, ಪೆನ್‌ಡ್ರೈವಿನಿಂದ ಬೇರೆ ಓಎಸ್ (ವಿಂಡೋಸಿನಂಥದ್ದೇ ಮೂಲ ತಂತ್ರಾಂಶ) ಬೂಟ್ ಮಾಡಿದವನಿಗೆ ಎಲ್ಲವೂ ತೆರೆದೇ ಇರುತ್ತದೆ. ಯಂತ್ರ ದುರುಳನ ಕೈಗೆ ಪೂರ್ತಿ ಸಿಕ್ಕರೆ ಅದು ನಿಮ್ಮದಲ್ಲ ಎಂದು ಮೈಕ್ರೋಸಾಫ್ಟೇ 2000ದಲ್ಲಿ ತನ್ನ ಹತ್ತು ಭದ್ರತಾ ನಿಯಮಗಳಲ್ಲಿ ಬರೆದಿತ್ತು. ನಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿ ಲಿನಕ್ಸ್. ಹುಡುಗರು ಲಿನಕ್ಸನ್ನು ಶುರುಮಾಡುವ ಗ್ರಬ್‌ನ ಪರದೆಯಲ್ಲಿ ‘ಇ’ ಒತ್ತಿ, ಕರ್ನಲ್ ಸಾಲಿಗೆ ಒಂದು ತುಣುಕು ಸೇರಿಸಿ ನೇರ ರೂಟ್ (ಯಂತ್ರದ ಮೇಲೆ ಪೂರ್ಣ ಅಧಿಕಾರ ಇರುವ ಬಳಕೆದಾರ) ಆದರು. ಗ್ರಬ್‌ಗೆ ಪಾಸ್‌ವರ್ಡ್ ಹಾಕಿದೆ; ಪೆನ್‌ಡ್ರೈವ್ ತಂದರು. ಯಂತ್ರ ಆನ್ ಆದೊಡನೆ ಓಡುವ ಬಯಾಸ್‌ಗೆ ಹಾಕಿದೆ, ಕ್ಯಾಬಿನೆಟ್ ಬಿಚ್ಚಿ ಆ ಪಾಸ್‌ವರ್ಡ್ ಅಳಿಸಲು ಸಿಮಾಸ್ ಬ್ಯಾಟರಿ ಕಿತ್ತರು. ಕೊನೆಗೆ ಕ್ಯಾಬಿನೆಟ್‌ಗೇ ಬೀಗ. ಒಂದಕ್ಕೆ 180 ರೂಪಾಯಿಯಂತೆ 32 ಬೀಗ, 5,760. ಕೊಕ್ಕೆ ಬೆಸುಗೆಗೆ ಮತ್ತೆ 1,600. ಬೆಸುಗೆಯ ಬಿಲ್ಲಿನಲ್ಲಿ ಜಿಎಸ್‌ಟಿ ಸಂಖ್ಯೆ ಇಲ್ಲವೆಂದು ಲೆಕ್ಕಪತ್ರ ವಿಭಾಗ ತಳ್ಳಿಹಾಕಿತು. ಆ ಹಣ ಇಂದಿಗೂ ಬಂದಿಲ್ಲ. ಆದರೆ ಅಂದಿನಿಂದ ಒಬ್ಬನೂ ರೂಟ್ ಆಗಿಲ್ಲ.

ನೊಂದವನು: ಇನ್ನು ಎಲ್ಲರೂ ಬಂದು ಬಿಟ್‌ಲಾಕರ್ (ವಿಂಡೋಸಿನದೇ ಡಿಸ್ಕ್ ಗೂಢಲಿಪಿ) ಹಾಕಿ ಎನ್ನುತ್ತಾರೆ. ಹಾಕಬೇಡಿ. ನನಗೆ ಲ್ಯಾಪ್‌ಟಾಪ್ ಮಾರಿದ ಅಂಗಡಿಯ ಹುಡುಗ ತನ್ನದೇ ಮೈಕ್ರೋಸಾಫ್ಟ್ ಖಾತೆಯಿಂದ ವಿಂಡೋಸ್ ಸಿದ್ಧಪಡಿಸಿ ಕೊಟ್ಟ. ಡಿಸ್ಕ್ ತಾನಾಗಿಯೇ ಗೂಢಲಿಪಿಗೆ ಹೋದದ್ದನ್ನು ಯಾರೂ ಹೇಳಲಿಲ್ಲ. ಮದರ್‌ಬೋರ್ಡ್ ಸುಟ್ಟಿತು, ಬದಲಾಯಿಸಿದೆ (14,500, ಕೂಲಿ ಬೇರೆ 1,200). ಹಳೆಯ ಬೋರ್ಡಿನೊಂದಿಗೆ ಡಿಸ್ಕಿನ ಕೀಲಿ ಕಾಯುವ ಟಿಪಿಎಂ ಚಿಪ್ಪೂ ಹೋಯಿತು, ನೀಲಿ ಪರದೆ 48 ಅಂಕಿಗಳ ಕೀಲಿ ಕೇಳಿತು. ಕೀಲಿ ಆ ಹುಡುಗನ ಖಾತೆಯಲ್ಲಿ. ಅವನು ಕೆಲಸ ಬಿಟ್ಟಿದ್ದಾನೆ, ಫೋನ್ ಸಂಖ್ಯೆ ಗೊತ್ತಿಲ್ಲವಂತೆ! ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಡೇಟಾ ತೆಗೆಯುವವರೊಬ್ಬರು ಪರಿಶೀಲನೆಗೆಂದು 2,500 ಇಸಿದುಕೊಂಡು ಆಗುವುದಿಲ್ಲ ಎಂದರು. ಅಪ್ಪನ ಜಮೀನಿನ ಕಾಗದಗಳ ಪ್ರತಿಗಳೆಲ್ಲ ಅದರೊಳಗೇ ಇವೆ. ಕಳ್ಳನಿಗೆ ಸಿಗುವುದಿಲ್ಲ, ಸರಿ. ನನಗೆ?

ಉಬುಂಟು ಭಟ್ಟ: ತಪ್ಪು ಅಂಗಡಿಯದು, ಬೈಗುಳ ಬಿಟ್‌ಲಾಕರಿಗೆ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಬರುವ ರಾತ್ರಿ ಬಸ್ಸಿನಲ್ಲಿ ನನ್ನ ಚೀಲ ಕಳುವಾಯಿತು. ಯಂತ್ರ 62,000, ಆಗಷ್ಟೇ ಹಾಕಿಸಿದ ರ‍್ಯಾಮ್ 3,800, ಚಾರ್ಜರ್ 1,900, ಚೀಲವೇ 1,450. ದೂರು ಯಾವ ಠಾಣೆಯ ಸರಹದ್ದಿಗೆ ಬರುತ್ತದೆ ಎಂಬ ಚರ್ಚೆಯಲ್ಲೇ ಅರ್ಧ ದಿನ ಕಳೆಯಿತು. ಆದರೂ ಒಂದೂ ಪಾಸ್‌ವರ್ಡ್ ಬದಲಾಯಿಸಲಿಲ್ಲ: ಡಿಸ್ಕ್ ಲಕ್ಸ್‌ನಲ್ಲಿ (ಲಿನಕ್ಸಿನ ಡಿಸ್ಕ್ ಗೂಢಲಿಪಿ) ಇತ್ತು, ಯಂತ್ರ ಪೂರ್ತಿ ಆಫ್ ಆಗಿತ್ತು. ಸ್ಲೀಪ್‌ನಲ್ಲಿಟ್ಟು ಓಡಾಡುವವರು ಎಚ್ಚರ, ಕೀಲಿ ರ‍್ಯಾಮಿನಲ್ಲೇ ಇರುತ್ತದೆ. ವಿದ್ಯುತ್ ಕಡಿದ ಮೇಲೂ ಸ್ವಲ್ಪ ಹೊತ್ತು ರ‍್ಯಾಮಿನಿಂದ ಅದನ್ನು ಹೊರತೆಗೆಯಬಹುದೆಂದು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದವರು 2008ರಲ್ಲೇ ತೋರಿಸಿದ್ದಾರೆ.

ಲ್ಯಾಬ್ ಮೇಷ್ಟ್ರು: ಭಟ್ಟರೇ, ನಿಮ್ಮ ಡಿಸ್ಕಿನ ಬೂಟ್ ವಿಭಾಗ (ಯಂತ್ರ ಶುರುವಾಗುವ ಭಾಗ) ಗೂಢಲಿಪಿಯಿಲ್ಲದೆ ಬಯಲಲ್ಲೇ ಇತ್ತಲ್ಲವೇ? ಯಾರಾದರೂ ಅದನ್ನು ತಿದ್ದಿಟ್ಟು ಹೋದರೆ ಮುಂದಿನ ಸಲ ನೀವೇ ಅವರಿಗೆ ಪಾಸ್‌ವರ್ಡ್ ಒಪ್ಪಿಸುತ್ತೀರಿ. ಭದ್ರತಾ ಸಂಶೋಧಕಿ ಜೊಆನ್ನಾ ರುಟ್ಕೋವ್‌ಸ್ಕಾ 2009ರಲ್ಲಿ ಮಾಡಿ ತೋರಿಸಿದ್ದು ಅದನ್ನೇ.

ಉಬುಂಟು ಭಟ್ಟ: ಬಸ್ಸಿನ ಕಳ್ಳ ಲ್ಯಾಪ್‌ಟಾಪನ್ನು ಮರಳಿ ತಂದುಕೊಡುವುದಿಲ್ಲ ಮೇಷ್ಟ್ರೇ.

ಲ್ಯಾಬ್ ಮೇಷ್ಟ್ರು: ರಿಪೇರಿಯವನು ಕೊಡುತ್ತಾನಲ್ಲ! ಆಕೆ ಕೇಳಿದ್ದೂ ರಿಪೇರಿಯ ವಿಷಯವನ್ನೇ.

ಸ್ಕ್ರೂಡ್ರೈವರ್: ರಿಪೇರಿಯವರೆಲ್ಲ ಕಳ್ಳರೇ? ನಾನು ಹಾಸನದಲ್ಲಿ ಬೆಂಚಿನ ಮುಂದೆ ಕೂತು ಸೊಂಟ ನೋಯಿಸಿಕೊಂಡವನು. ಪಾಸ್‌ವರ್ಡ್ ಕೇಳುವುದು ಕ್ಯಾಮೆರಾ, ವೈಫೈ, ಸ್ಪೀಕರ್ ನೋಡಿ ಕೊಡಲು. ಹಿಂಜ್ ಬಿಚ್ಚುವಾಗ ತುಂಡಾಗುವುದು ಆ ತಂತಿಗಳೇ. ನೋಡದೆ ಕೊಟ್ಟರೆ ಮರುದಿನ ಬಂದು ಜಗಳ ತೆಗೆಯುವವರೂ ನೀವೇ. ಪಾಸ್‌ವರ್ಡ್ ಮರೆತು ಬಂದವರಿಗೆ ಹೊಸದು ಹಾಕಿಕೊಡಲು ನಾವು 300 ತೆಗೆದುಕೊಳ್ಳುತ್ತೇವೆ, ಚಹಾ ಆರುವುದರೊಳಗೆ ಮುಗಿಯುತ್ತದೆ. ಕದಿಯಬೇಕೆಂದಿದ್ದರೆ ನಿಮ್ಮನ್ನು ಏಕೆ ಕೇಳಬೇಕು? ಮೇಡಂ, 48 ಅಂಕಿಗಳ ಕೀಲಿ ಯಾರ ಖಾತೆಯಲ್ಲಿದೆ ನೋಡಿ, ಕಾಗದದ ಮೇಲೆ ಮುದ್ರಿಸಿಕೊಳ್ಳಿ. ಆಮೇಲೆ ನಿಮ್ಮೆದುರೇ ಎಸ್‌ಎಸ್‌ಡಿ (ಕಡತಗಳಿರುವ ಡಿಸ್ಕ್) ಬಿಚ್ಚಿಸಿ ಮನೆಗೆ ಒಯ್ಯಿರಿ. ಪರೀಕ್ಷೆಗೆ ಅಂಗಡಿಯವರು ತಮ್ಮ ಡಿಸ್ಕ್ ಹಾಕಿಕೊಳ್ಳಲಿ.

ನೊಂದವನು: ಮದರ್‌ಬೋರ್ಡಿಗೇ ಬೆಸೆದಿದ್ದರೆ? ಮತ್ತೆ 300 ಎಲ್ಲಿ ಸ್ವಾಮಿ, ನನ್ನ ಭಾವನಿಂದ 700 ಕಿತ್ತರು.

ಬೆಣ್ಣೆದೋಸೆ: ಎಸ್‌ಎಸ್‌ಡಿ ತೆಗೆದರೆ ವಾರಂಟಿ ಹೋಗುತ್ತದೆಯೇ?

ಉಬುಂಟು ಭಟ್ಟ: ಟಿಪಿಎಂ ಒಂದನ್ನೇ ನಂಬಬೇಡಿ. 2024ರಲ್ಲಿ ರಾಸ್ಪ್‌ಬೆರಿ ಪೈ ಪಿಕೊ ಎಂಬ ಪುಟ್ಟ ಸರ್ಕ್ಯೂಟ್ ಬೋರ್ಡ್ ಬಳಸಿ, ಹಳೆಯ ಲ್ಯಾಪ್‌ಟಾಪೊಂದರ ಬಿಟ್‌ಲಾಕರ್ ಕೀಲಿಯನ್ನು ನಿಮಿಷದೊಳಗೆ ಹಿಡಿದು ತೋರಿಸಿದರು. ಬೂಟ್‌ಗೆ ಮುಂಚೆ ಪಿನ್ ಬೇಕು. ಅದಕ್ಕೆ ವಿಂಡೋಸ್ ಹೋಮ್ ಸಾಲದು, ಪ್ರೊ ಆವೃತ್ತಿ ಬೇಕು.

ಸ್ಕ್ರೂಡ್ರೈವರ್: ಪ್ರೊ ಪರವಾನಗಿ ಆನ್‌ಲೈನಿನಲ್ಲಿ 450ಕ್ಕೆ ಸಿಗುತ್ತದೆ.

ಲ್ಯಾಬ್ ಮೇಷ್ಟ್ರು: 450ರದ್ದು ಯಾವುದೋ ಕಂಪನಿಯ ಕದ್ದ ಕೀಲಿ! ಕಳ್ಳರಲ್ಲ ಎಂದು ಈಗಷ್ಟೇ ಹೇಳಿದಿರಿ.

ಸ್ಕ್ರೂಡ್ರೈವರ್: ನಿಮ್ಮ ಕಾಲೇಜಿನ ಕಚೇರಿ ಗಣಕಗಳಲ್ಲಿರುವ ವಿಂಡೋಸ್‌ನ ಬಿಲ್ಲು ಮೊದಲು ಇಲ್ಲಿ ಹಾಕಿ ಮೇಷ್ಟ್ರೇ. ಜಿಎಸ್‌ಟಿ ಸಂಖ್ಯೆ ಇರುವುದನ್ನೇ ಹಾಕಿ.