ಸಹಾಯ ಬೇಕು: ಹಂದಿಮರಿ ಮತ್ತು ರೋಟಾವೈರಸ್ ಲಸಿಕೆ

ನಮಸ್ಕಾರ. ನಾನು ಬೀದರ್ ಜಿಲ್ಲೆಯ ಭಾಲ್ಕಿ ಕಡೆಯ ವಿಜ್ಞಾನ ಮೇಷ್ಟ್ರು. ಹೋದ ತಿಂಗಳು ನಮ್ಮ ಕರು ಭೇದಿಯಿಂದ ಸತ್ತಿತು. ಕಣ್ಣು ಗುಳಿ ಬಿದ್ದಿತ್ತು, ಬಾಲಕ್ಕೆಲ್ಲ ಹಳದಿ ಸಗಣಿ ಮೆತ್ತಿತ್ತು. ಅದನ್ನು ನೋಡಿದ ಹುಡುಗಿಯೊಬ್ಬಳು, "ಮಕ್ಕಳಿಗೆ ಭೇದಿ ತರೋ ರೋಟಾವೈರಸ್‌ಗೆ ಕೊಡೋ ಲಸಿಕೆನ ಮೊದಲು ಯಾರ ಮೇಲೆ ನೋಡ್ತಾರೆ ಸರ್?" ಅಂದಳು.

ಎರಡು ವಾರ ದಾಟಿದ ಇಲಿಮರಿಗೆ ಈ ವೈರಸ್ ತಗುಲಿದರೂ ಭೇದಿ ಆಗಲ್ಲ. ಹಂದಿಮರಿಗೆ ಆಗುತ್ತದೆ, ಅದಕ್ಕೇ ಲಸಿಕೆಯನ್ನು ಅದರ ಮೇಲೆ ನೋಡುತ್ತಾರೆ. ಗರ್ಭದಲ್ಲಿ ಅದಕ್ಕೆ ತಾಯಿಯ ಪ್ರತಿಕಾಯ (ರೋಗಾಣು ತಡೆಯುವ ರಕ್ತದ ಪ್ರೋಟೀನ್) ಸಿಗುವುದಿಲ್ಲ, ಗಿಣ್ಣುಹಾಲಿನಿಂದಲೇ ಬರಬೇಕು. ಸಿಸೇರಿಯನ್ ಮಾಡಿ ತೆಗೆದ ಮರಿಯನ್ನು ಸೂಕ್ಷ್ಮಾಣುಗಳಿಲ್ಲದ ಗೂಡಿನಲ್ಲಿ ಬೆಳೆಸಿದರೆ ಲಸಿಕೆಯ ಕೆಲಸ ಸ್ಪಷ್ಟವಾಗಿ ಕಾಣುತ್ತದೆ, ಅಲ್ವಾ?

ಅಂಥ ಗೂಡನ್ನು ಕಣ್ಣಾರೆ ನೋಡಿದವರು ಇದ್ದೀರಾ? ಬೀದರಿನ ಪಶು ವಿಶ್ವವಿದ್ಯಾಲಯದಲ್ಲಿ ಓದಿದವರು? ಮರಿಗಳ ನೋವು ಕಡಿಮೆ ಮಾಡಲು ಏನು ಮಾಡುತ್ತಾರೆ ಅನ್ನೋದನ್ನೂ ತಿಳಿಸಿ. ಅದನ್ನು ಮುಚ್ಚಿಟ್ಟು ಪಾಠ ಮಾಡಲು ನನಗೆ ಮನಸ್ಸಿಲ್ಲ. ಸೋಮವಾರ ಪಾಠವಿದೆ.