ಸಾಲಿನ ಮೊದಲಕ್ಷರಗಳಲ್ಲಿ ಅಡಗಿರುವ ಕವಿಯ ಹೆಸರಿಗೆ ‘ಅಂಕಿತ’ ಅನ್ನಬಹುದೇ?

ಗೆಳೆಯರೆ,

ಯಹೂದಿಗಳ ಪ್ರಾರ್ಥನೆಯ ಕವಿತೆಗಳ ಬಗ್ಗೆ ಬರೆಯುತ್ತಾ ಒಂದು ಪದಕ್ಕೆ ಸಿಕ್ಕಿಹಾಕಿಕೊಂಡಿದ್ದೇನೆ.

ಈ ಕವಿತೆಗೆ ಹೀಬ್ರೂವಿನಲ್ಲಿ ‘ಪಿಯ್ಯೂಟ್’ ಅನ್ನುತ್ತಾರೆ, ಕಟ್ಟುವವನು ‘ಪೈಟಾನ್’. ಅವನಿಗೆ ಬರೆಯುವುದೂ ಪ್ರಾರ್ಥನೆಯೇ. ಸುಮಾರು 6ನೇ ಶತಮಾನದಲ್ಲಿ ಪ್ಯಾಲೆಸ್ತೀನಿನಲ್ಲಿದ್ದ ಯನ್ನೈ, ಆಯಾ ವಾರ ಓದುವ ತೋರಾ (ಯಹೂದಿಗಳ ಧರ್ಮಗ್ರಂಥ) ಭಾಗಕ್ಕೆ ಹೊಂದುವ ಹಾಗೆ ಹೊಸ ಹೊಸ ಪಿಯ್ಯೂಟ್ ಕಟ್ಟಿದ. ಅದರೊಳಗೆ ತನ್ನ ಹೆಸರನ್ನೂ ಹೆಣೆದ. ಆಮೇಲೆ ಅದು ರೂಢಿಯೇ ಆಯಿತು.

‘ಲೆಖಾ ದೋದಿ’ ನೋಡಿ. 16ನೇ ಶತಮಾನದಲ್ಲಿ ಗಲಿಲಾಯದ ಸಫೇದ್ ಊರಿನಲ್ಲಿದ್ದ ಶ್ಲೊಮೊ ಹಲೇವಿ ಅಲ್ಕಬೆಟ್ಸ್ ಬರೆದದ್ದು. ಶುಕ್ರವಾರ ಸಂಜೆ ಸಬ್ಬತ್ತನ್ನು, ಅಂದರೆ ವಾರದ ವಿಶ್ರಾಂತಿಯ ದಿನವನ್ನು, ಮದುಮಗಳ ಹಾಗೆ ಎದುರುಗೊಳ್ಳುವ ಹಾಡು. ಕೊನೆಯ ನುಡಿಗೆ ಸಭಾಮಂದಿರದಲ್ಲಿ ಎಲ್ಲರೂ ಬಾಗಿಲ ಕಡೆ ತಿರುಗುತ್ತಾರೆ. ಮೊದಲ ನಾಲ್ಕು ನುಡಿಗಳು ಶಾಮೋರ್, ಲಿಕ್ರಾತ್, ಮಿಕ್ದಾಶ್, ಹಿತ್ನಅರಿ ಎಂದು ಶುರುವಾಗುತ್ತವೆ. ಶ, ಲ, ಮ, ಹ: ಹೀಬ್ರೂ ಬರವಣಿಗೆಯಲ್ಲಿ ಅದೇ ‘ಶ್ಲೊಮೊ’. ಮುಂದಿನ ನಾಲ್ಕರಲ್ಲಿ ‘ಹಲೇವಿ’.

ಇದನ್ನು ‘ಅಂಕಿತ’ ಅಂದುಬಿಡೋಣ ಅಂತ ಮೊದಲು ಅನ್ನಿಸಿತು. ಆದರೆ ಅಂಕಿತ ಅಂದರೆ ದೇವರ ಹೆಸರು ಅಲ್ವಾ, ಕೂಡಲಸಂಗಮದೇವ, ಪುರಂದರ ವಿಠಲ ಅನ್ನೋ ಹಾಗೆ, ಅಂತ ಒಬ್ಬ ಸ್ನೇಹಿತರು ತಡೆದರು. ಈ ಆಕ್ಷೇಪ ನಿಲ್ಲುವುದಿಲ್ಲ. ಅಂಬಿಗರ ಚೌಡಯ್ಯ ತನ್ನ ಹೆಸರನ್ನೇ ಅಂಕಿತ ಮಾಡಿಕೊಂಡಿದ್ದಾನೆ. ಅಂಬಿಗನಿಗೆ ಯಾರ ಹಂಗು!

ನನ್ನ ತಕರಾರು ಬೇರೆ. ನಮ್ಮ ಅಂಕಿತ ಕಿವಿಗೆ ಬೀಳುತ್ತದೆ. ಅದು ಬಂತೆಂದರೆ ಹಾಡು ಮುಗಿಯಿತು, ಇದು ಇಂಥವರದ್ದು ಅಂತ ಕೇಳಿದವರಿಗೆ ತಿಳಿಯುತ್ತದೆ. ಅಲ್ಕಬೆಟ್ಸ್ ಹೆಸರು ಹಾಡುವಾಗ ಕೇಳಿಸುವುದೇ ಇಲ್ಲ. ಪುಸ್ತಕ ಹಿಡಿದು ನುಡಿಗಳ ಮೊದಲಕ್ಷರಗಳನ್ನು ಮೇಲಿಂದ ಕೆಳಗೆ ಓದಿದವನಿಗಷ್ಟೇ ಸಿಗುತ್ತದೆ. ಸುಮ್ನೆ ‘ಅಂಕಿತ’ ಅಂತ ಬರೆದರೆ ಓದುಗರು ಕೊನೆಯ ಸಾಲಿನಲ್ಲಿ ಹುಡುಕುತ್ತಾರೆ.

ಸದ್ಯಕ್ಕೆ ‘ಮೊದಲಕ್ಷರದ ಅಂಕಿತ’ ಅಂತ ಬರೆದಿಟ್ಟುಕೊಂಡಿದ್ದೇನೆ. ಸರಿಯಾಗಿದೆ, ಆದರೆ ಉದ್ದ ಜಾಸ್ತಿ. ‘ಅಡಗಂಕಿತ’ ಚುಟುಕಾಗಿದೆ, ಆದರೆ ಕೇಳಿದವರು ನಗುತ್ತಾರೇನೋ. ಅಕ್ಷರಗಳ ಜೋಡಣೆಯಲ್ಲೇ ಆಟವಾಡುವ ಹಳೆಯ ಚಿತ್ರಕವಿತೆಗಳನ್ನು ಓದಿಕೊಂಡವರು ಇಲ್ಲಿದ್ದೀರಿ. ಮೊದಲಕ್ಷರ ಕೂಡಿಸಿ ಹೆಸರು ಓದುವ ಈ ಚಮತ್ಕಾರಕ್ಕೆ ಕನ್ನಡದಲ್ಲಿ ಆಗಲೇ ಬಳಕೆಯಲ್ಲಿರುವ ಪದ ಇದ್ದರೆ, ಬಳಸಿದ ಒಂದು ಸಾಲಿನ ಜೊತೆ ತಿಳಿಸಿ.